ಬಿದ್ದ ಬಂಗಾರ ಮತ್ತು ಅಚೌರ್ಯಾಣುವ್ರತ

ಐದು ಅಣುವ್ರತಗಳಲ್ಲಿ ಅಚೌರ್ಯವೇ ಅತಿ ಸುಲಭವಾದುದೆಂದು ಸಾಮಾನ್ಯ ಶ್ರಾವಕನ ತಿಳಿವಳಿಕೆ. ಅಹಿಂಸೆಯ ಸೂಕ್ಷ್ಮತೆ ಅವನನ್ನು ಅಡುಗೆಮನೆಯವರೆಗೂ ಹಿಂಬಾಲಿಸುತ್ತದೆ. ಸತ್ಯವು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ದಿನವೂ ಪರೀಕ್ಷೆಗೆ ಒಳಗಾಗುತ್ತದೆ. ಪರಿಗ್ರಹಪರಿಮಾಣವನ್ನಂತೂ ಆದಾಯ ಹೆಚ್ಚಿದಂತೆಲ್ಲ ಹೊಸದಾಗಿ ಯೋಚಿಸಬೇಕಾಗುತ್ತದೆ. ಆದರೆ ಕಳ್ಳತನವೆಂದರೆ ಅದು ಬೇರೆ ಯಾರೋ ಮಾಡುವ ಕೆಲಸ; ಕುಲವಂತನಾದ ಗೃಹಸ್ಥನಿಗೆ ಆ ವ್ರತ ಹುಟ್ಟಿನಿಂದಲೇ ಸಿದ್ಧಿಸಿದೆ ಎಂಬ ಭಾವನೆ. ಸ್ವಾಧ್ಯಾಯ ಗೋಷ್ಠಿಗಳಲ್ಲಿ ಈ ವ್ರತದ ಬಗ್ಗೆ ಪ್ರಶ್ನೆಗಳು ವಿರಳವಾಗಿ ಏಳುವುದಕ್ಕೆ ಇದೇ ಕಾರಣವಿರಬೇಕು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ನಿರೂಪಿಸುವ ರೀತಿ ಬೇರೆ. ಅಲ್ಲಿ ಅವರು ಕನ್ನ ಕೊರೆಯುವವನನ್ನಾಗಲಿ ದಾರಿ ಕಟ್ಟುವವನನ್ನಾಗಲಿ ನೆನೆಯುವುದಿಲ್ಲ. ಪರರ ಸ್ವತ್ತಿನ ಮೂರು ಅವಸ್ಥೆಗಳನ್ನು ಹೇಳುತ್ತಾರೆ: ಇಟ್ಟಿರುವುದು, ಬಿದ್ದಿರುವುದು, ಮರೆತುಹೋದದ್ದು. ಇವನ್ನು ಒಡೆಯನು ಕೊಡದಿರುವಾಗ ತಾನು ತೆಗೆದುಕೊಳ್ಳದಿರುವುದು ಮತ್ತು ಇನ್ನೊಬ್ಬರಿಗೆ ಕೊಡದಿರುವುದು ಸ್ಥೂಲಚೌರ್ಯದಿಂದ ವಿರತಿ ಎಂಬುದು ಅವರ ಅಭಿಪ್ರಾಯ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಈ ಪಟ್ಟಿಗೆ ಕಳೆದುಹೋದದ್ದನ್ನೂ ಸೇರಿಸುತ್ತಾರೆ. ಬಿದ್ದದ್ದು, ಮರೆತದ್ದು, ಕಳೆದದ್ದು, ಇವೆಲ್ಲ ಒಡೆಯನು ಹತ್ತಿರದಲ್ಲಿಲ್ಲದ ಸಂದರ್ಭಗಳು. ನೋಡುವವರಿಲ್ಲ, ಕೇಳುವವರಿಲ್ಲ, ಅಳುವವರ ದನಿಯೂ ಕೇಳಿಸುವುದಿಲ್ಲ. ವ್ರತದ ನಿಜವಾದ ಪರೀಕ್ಷೆ ಇಂಥಲ್ಲಿ ನಡೆಯುತ್ತದೆಯೆಂದು ಪೂರ್ವಾಚಾರ್ಯರು ಕಂಡುಕೊಂಡಿದ್ದರು.

ಹೀಗೆ ಬಿದ್ದ ಮತ್ತು ಮರೆತ ವಸ್ತುಗಳ ಮೇಲೆಯೇ ನಿಂತಿರುವ ಒಂದು ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಇಂಗ್ಲೆಂಡಿನಲ್ಲಿ, ಪ್ರಚಾರದಲ್ಲಿದೆ. ಲೋಹಶೋಧಕ ಯಂತ್ರವನ್ನು ಹಿಡಿದು ಕಡಲತೀರದ ಮರಳನ್ನೂ ತೀರದ ಆಳವಿಲ್ಲದ ನೀರನ್ನೂ ಜಾಲಾಡುವುದೇ ಆ ಹವ್ಯಾಸ. ವಿಮಾನನಿಲ್ದಾಣಗಳಲ್ಲಿ, ದೊಡ್ಡ ಕ್ಷೇತ್ರಗಳ ಮಹಾದ್ವಾರಗಳಲ್ಲಿ ನಿಂತಿರುವ ಮೆಟಲ್ ಡಿಟೆಕ್ಟರ್ ಎಲ್ಲರಿಗೂ ಪರಿಚಿತ. ಇದು ಅದೇ ಜಾತಿಯ, ಕೈಯಲ್ಲಿ ಹಿಡಿಯುವ ಯಂತ್ರ. ಉದ್ದ ಕೋಲಿನ ತುದಿಯಲ್ಲಿ ತಟ್ಟೆಯಾಕಾರದ ತಂತಿಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿರುವ ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ಪ್ರವಾಹ ಹುಟ್ಟಿ, ಯಂತ್ರವು ಅದನ್ನು ಗುರುತಿಸಿ ಕಿವಿಗೆ ಸದ್ದನ್ನು ತಲುಪಿಸುತ್ತದೆ.

ಇದರ ಪೂರ್ವಚರಿತ್ರೆ ಕರುಣೆಯೊಂದಿಗೆ ಸೇರಿಕೊಂಡಿದೆ ಎಂಬುದು ಸ್ವಾರಸ್ಯದ ಸಂಗತಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ, ಶರೀರದೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥ ಒಂದು ಉಪಕರಣವನ್ನು ಪ್ರಯೋಗಿಸಿದನು. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕವು ನೆಲಬಾಂಬುಗಳನ್ನು ಪತ್ತೆಹಚ್ಚಿ ಅಸಂಖ್ಯಾತ ಸೈನಿಕರ ಪ್ರಾಣ ಉಳಿಸಿತು. ಜೀವರಕ್ಷಣೆಗೆ ಹುಟ್ಟಿದ ಯಂತ್ರ ಕಾಲಾಂತರದಲ್ಲಿ ವಿರಾಮದ ವಿನೋದವಾಯಿತು.

ಅಂಥ ಹವ್ಯಾಸಿಯೊಬ್ಬನ ಒಂದು ದಿನದ ಚಿತ್ರ ಹೀಗಿರುತ್ತದೆ. ಬೋರ್ನ್‌ಮತ್, ವೇಮತ್, ನ್ಯೂಕೀ ಮುಂತಾದ ಊರುಗಳ ಮರಳುದಂಡೆಗಳಲ್ಲಿ ಬೇಸಿಗೆಯ ರಜೆಗೆ ಜನ ಕಿಕ್ಕಿರಿಯುತ್ತಾರೆ. ಆ ಜನಸಂದಣಿ ಕರಗಿದ ಮರುದಿನ ನಸುಕಿನಲ್ಲಿ ಅವನು ತೀರಕ್ಕೆ ಬರುತ್ತಾನೆ. ಕೈಯಲ್ಲಿ ಉಬ್ಬರವಿಳಿತಗಳ ವೇಳಾಪಟ್ಟಿ ಇರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತವು ಹೆಚ್ಚು ದೂರ ಸರಿಯುವುದರಿಂದ ಆ ದಿನಗಳು ಅವನಿಗೆ ಪ್ರಶಸ್ತ. ಒಣ ಮರಳಿನಲ್ಲಿ ಜನರು ಕುಳಿತು ಎದ್ದ ಜಾಗಗಳನ್ನು ಮೊದಲು ನೋಡುತ್ತಾನೆ. ಅಲ್ಲಿ ಜೇಬಿನಿಂದ ಜಾರಿದ ನಾಣ್ಯಗಳು ಸಿಕ್ಕುತ್ತವೆ. ಆಮೇಲೆ ನೀರಂಚಿಗೆ ಸಮಾನಾಂತರವಾಗಿ, ರೈತನು ಉಳುವ ಸಾಲಿನಂತೆ ಹೋಗುತ್ತ ಬರುತ್ತ, ಸುರುಳಿಯನ್ನು ನೆಲಕ್ಕೆ ತಾಗುವಷ್ಟು ಹತ್ತಿರದಲ್ಲಿ ಎಡಬಲಕ್ಕೆ ಬೀಸುತ್ತ ನಡೆಯುತ್ತಾನೆ. ಸದ್ದು ಬಂದಲ್ಲಿ ತೂತುಗಳಿರುವ ಸಲಿಕೆಯಿಂದ ಮರಳನ್ನೆತ್ತಿ ಜರಡಿ ಹಿಡಿಯುತ್ತಾನೆ. ಒಳ್ಳೆಯ ಹವ್ಯಾಸಿಯಾದರೆ ಗುಂಡಿಯನ್ನು ಮುಚ್ಚಿ ಮುಂದೆ ಹೋಗುತ್ತಾನೆ.

ಮಧ್ಯಾಹ್ನದ ಹೊತ್ತಿಗೆ ಅವನು ನೀರಿಗಿಳಿಯುತ್ತಾನೆ. ನಿಜವಾದ ಆಸೆ ಇರುವುದು ಅಲ್ಲಿ, ಸೊಂಟಮಟ್ಟದ ನೀರಿನಲ್ಲಿ. ಆ ದೇಶದ ಕಡಲು ಬೇಸಿಗೆಯಲ್ಲಿಯೂ ತಣ್ಣಗಿರುತ್ತದೆ. ಚಳಿಗೆ ಬೆರಳುಗಳು ಕುಗ್ಗುತ್ತವೆ, ಬಿಸಿಲಿಗೆಂದು ಹಚ್ಚಿಕೊಂಡ ಲೇಪನದಿಂದ ಚರ್ಮ ಜಾರುತ್ತದೆ, ಅಲೆಯೊಂದಿಗೆ ಆಡುವಾಗ ಕೈ ಬೀಸಿದರೆ ಉಂಗುರ ಕಳಚಿಬೀಳುತ್ತದೆ. ಕಳೆದುಕೊಂಡವರಿಗೆ ಅದು ತಿಳಿಯುವುದು ದಡಕ್ಕೆ ಬಂದ ಮೇಲೆ. ಶುದ್ಧ ಬಂಗಾರವು ನೀರಿಗಿಂತ ಸುಮಾರು 19 ಪಟ್ಟು ಭಾರ. ಮರಳಿನ ಕಣವಾದರೋ ಮೂರು ಪಟ್ಟೂ ಇಲ್ಲ. ಅಲೆಗಳು ಮರಳನ್ನು ಅಲುಗಾಡಿಸಿದಂತೆಲ್ಲ ಉಂಗುರವು ಕೆಳಕೆಳಗೆ ಇಳಿದು, ಜೇಡಿಯದೋ ಕಲ್ಲಿನದೋ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಚಳಿಗಾಲದ ಬಿರುಗಾಳಿ ಮೇಲಿನ ಮರಳನ್ನು ಕೊಚ್ಚಿಕೊಂಡು ಹೋದಾಗ ಮತ್ತೆ ಕೈಗೆ ಎಟುಕುತ್ತದೆ. ಆದ್ದರಿಂದ ಉಳಿದವರು ಹೆದರುವ ಬಿರುಗಾಳಿಯನ್ನು ಈ ಹವ್ಯಾಸಿ ಕಾಯುತ್ತಾನೆ.

ಉಪ್ಪುನೀರಿನಲ್ಲಿ ತೊಯ್ದ ಮರಳು ತಾನೇ ವಿದ್ಯುತ್ತನ್ನು ಹರಿಯಗೊಡುವುದರಿಂದ ಸಾಧಾರಣ ಯಂತ್ರಗಳು ಅಲ್ಲಿ ತಬ್ಬಿಬ್ಬಾಗುತ್ತವೆ. ಅದಕ್ಕೆ ಬೇರೆ ಬಗೆಯ ಯಂತ್ರಗಳಿವೆ. ಇನ್ನೊಂದು ತೊಡಕು ಕೌತುಕಕರವಾದುದು. ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕಿವಿ ಮತ್ತು ತೆಳ್ಳನೆಯ ಚಿನ್ನದುಂಗುರ, ಇವೆರಡೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಸದ್ದನ್ನು ಕೊಡುತ್ತವೆ. ಕಸ ಬೇಡವೆಂದು ಆ ಸದ್ದನ್ನು ಬಿಟ್ಟವನು ಬಂಗಾರವನ್ನೂ ಬಿಟ್ಟಂತೆ. ಹಾಗಾಗಿ ಎಲ್ಲವನ್ನೂ ಅಗೆಯಬೇಕು. ಸಂಜೆ ಚೀಲವನ್ನು ಕೊಡವಿದರೆ ಬಾಟಲಿಯ ಮುಚ್ಚಳಗಳು, ತುಕ್ಕು ಹಿಡಿದ ಮೊಳೆಗಳು, ಗಾಳದ ಕೊಕ್ಕೆಗಳು, ಸೀಸದ ತೂಕಗಳು, ಒಂದಷ್ಟು ಚಿಲ್ಲರೆ ನಾಣ್ಯ, ಎಲ್ಲೋ ಅದೃಷ್ಟವಿದ್ದ ದಿನ ಒಂದು ಉಂಗುರ.

ಉಂಗುರದ ಒಳಮೈಯನ್ನು ತೊಳೆದು ನೋಡಿದರೆ ಅಚ್ಚೊತ್ತಿದ ಗುರುತುಗಳು ಕಾಣುತ್ತವೆ. 375 ಎಂದಿದ್ದರೆ ಅದು 9 ಕ್ಯಾರಟ್ ಚಿನ್ನ. ಲಂಗರಿನ ಚಿತ್ರವಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ, ಚಿರತೆಯ ಮುಖವಿದ್ದರೆ ಲಂಡನ್ನಿನಲ್ಲಿ ಪರೀಕ್ಷೆಯಾದದ್ದು. ಕೆಲವದರಲ್ಲಿ ವರ್ಷವನ್ನು ಸೂಚಿಸುವ ಅಕ್ಷರವೂ ಇರುತ್ತದೆ. ಮದುವೆಯ ಉಂಗುರವಾದರೆ ಇವುಗಳ ಪಕ್ಕದಲ್ಲಿ ಎರಡು ಹೆಸರುಗಳ ಮೊದಲಕ್ಷರಗಳು ಮತ್ತು ಒಂದು ದಿನಾಂಕವನ್ನು ಕೊರೆಸಿರುವುದುಂಟು.

ಈ ಉಂಗುರ ಯಾರದು?

ಅಲ್ಲಿನ ಕಾನೂನು ಈ ಪ್ರಶ್ನೆಯನ್ನು ಹಲವು ತುಂಡುಗಳಾಗಿ ಒಡೆದಿದೆ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಣ ದಂಡೆಯಲ್ಲಿ ಸುಮಾರು ಅರ್ಧದಷ್ಟು ರಾಜಮನೆತನದ ಭೂಸಂಸ್ಥೆಯಾದ ಕ್ರೌನ್ ಎಸ್ಟೇಟಿಗೆ ಸೇರಿದ್ದು. ಮುನ್ನೂರು ವರ್ಷಕ್ಕಿಂತ ಹಳೆಯದಾದ ಚಿನ್ನಬೆಳ್ಳಿಯ ಒಡವೆ ಸಿಕ್ಕಿದರೆ, 1996ರ ನಿಧಿ ಕಾಯಿದೆಯಂತೆ 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಒಡೆದ ಹಡಗಿನ ಸಾಮಗ್ರಿಯಾದರೆ 28 ದಿನಗಳೊಳಗೆ ಅದಕ್ಕೆಂದೇ ಇರುವ ಬೇರೊಬ್ಬ ಅಧಿಕಾರಿಗೆ ತಿಳಿಸಬೇಕು. ಒಡೆಯನಿಗೆ ಬಂದು ಕೇಳಲು ಒಂದು ವರ್ಷದ ಅವಕಾಶವಿದೆ. ಮೊನ್ನೆ ಮೊನ್ನೆ ಕಳೆದ ಮದುವೆಯ ಉಂಗುರವು ಇವೆರಡರ ಅಡಿಯಲ್ಲಿಯೂ ಬರುವುದಿಲ್ಲ. ಅದಕ್ಕೆ ಅನ್ವಯಿಸುವುದು ಕಳ್ಳತನದ ಕಾಯಿದೆಯೇ.

1968ರ ಆ ಕಾಯಿದೆಯಲ್ಲಿ ಒಂದು ಮಾತಿದೆ. ತಕ್ಕಮಟ್ಟಿನ ಪ್ರಯತ್ನ ಮಾಡಿದರೂ ಒಡೆಯನನ್ನು ಪತ್ತೆಹಚ್ಚಲಾಗದೆಂದು ಪ್ರಾಮಾಣಿಕವಾಗಿ ನಂಬಿ ವಸ್ತುವನ್ನು ಇಟ್ಟುಕೊಂಡವನು ಅಪ್ರಾಮಾಣಿಕನಲ್ಲ ಎಂಬುದು ಅದರ ತಾತ್ಪರ್ಯ. ಕಾನೂನು ಕೈಯನ್ನು ಬಿಟ್ಟು ಮನಸ್ಸನ್ನು ನೋಡುತ್ತಿರುವುದು ಇಲ್ಲಿ ಗಮನಾರ್ಹ. ಪ್ರಮತ್ತಯೋಗವಿಲ್ಲದೆ ಪಾಪವಿಲ್ಲವೆನ್ನುವ ಜೈನ ದೃಷ್ಟಿಗೆ ಇದು ಹತ್ತಿರ ಬಂದಂತೆ ಕಾಣುತ್ತದೆ. ಆದರೆ ಅಂತರವೂ ಇದೆ. ಪತ್ತೆಹಚ್ಚಲಾಗದೆಂಬ ನಂಬಿಕೆ ಯಾರಿಗೆ ಅನುಕೂಲವೋ ಅವನೇ ಅದನ್ನು ನಂಬಬೇಕಾದವನು. ಉಂಗುರವನ್ನು ಬಯಸುವ ಮನಸ್ಸು ಒಡೆಯ ಸಿಕ್ಕಲಾರನೆಂದು ಬಹುಬೇಗ ಪ್ರಾಮಾಣಿಕವಾಗಿಯೇ ನಂಬಿಬಿಡುತ್ತದೆ!

ಹುಡುಕಿದವನ ಹಕ್ಕಿನ ಬಗ್ಗೆ ಇಂಗ್ಲೆಂಡಿನ ನ್ಯಾಯಶಾಸ್ತ್ರದ ಮೂಲವ್ಯಾಜ್ಯ 1722ರದು. ಹೊಗೆಗೂಡು ಗುಡಿಸುವ ಕೆಲಸದ ಒಬ್ಬ ಹುಡುಗನಿಗೆ ಹರಳು ಕೂರಿಸಿದ ಒಡವೆಯೊಂದು ಸಿಕ್ಕಿತು. ಬೆಲೆ ತಿಳಿಯಲು ಅವನು ಅದನ್ನು ಒಬ್ಬ ಪ್ರಸಿದ್ಧ ಅಕ್ಕಸಾಲಿಗನ ಅಂಗಡಿಗೆ ಒಯ್ದನು. ಅಲ್ಲಿನ ಕೆಲಸಗಾರ ತೂಗುವ ನೆವದಲ್ಲಿ ಹರಳುಗಳನ್ನು ಕಿತ್ತಿಟ್ಟುಕೊಂಡು, ಮೂರು ಅರೆಪೆನ್ನಿ ಕೊಡುವುದಾಗಿ ಹೇಳಿಸಿದನು. ಹುಡುಗ ಒಪ್ಪದೆ ಒಡವೆಯನ್ನು ಹಿಂದಕ್ಕೆ ಕೇಳಿದಾಗ ಬರಿಯ ಕಟ್ಟನ್ನು ಕೊಟ್ಟರು. ನ್ಯಾಯಾಲಯ ಹುಡುಗನ ಪರವಾಗಿ ತೀರ್ಪಿತ್ತಿತು. ಸಿಕ್ಕವನಿಗೆ ಪೂರ್ಣ ಒಡೆತನ ಬರುವುದಿಲ್ಲ, ಆದರೆ ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಉಳಿದ ಯಾರ ಎದುರಿಗೂ ಅವನ ಹಕ್ಕು ನಿಲ್ಲುತ್ತದೆ ಎಂದಿತು. ಬಡ ಹುಡುಗನಿಗೆ ನ್ಯಾಯ ದೊರೆತ ಬಗ್ಗೆ ಸಂತೋಷಪಡಬಹುದು. ಆದರೆ ನಿಜವಾದ ಒಡೆಯನ ಮಾತು ಆ ತೀರ್ಪಿನಲ್ಲಿ ಬರುವುದು ವಿನಾಯಿತಿಯಾಗಿ ಮಾತ್ರ. ಒಡವೆ ಯಾರ ಮನೆಯದಾಗಿತ್ತು ಎಂಬ ವಿಚಾರಕ್ಕೆ ಅಲ್ಲಿ ಸ್ಥಳವಿರಲಿಲ್ಲ.

ಲೋಹಶೋಧಕದ್ದೇ ಆದ ಒಂದು ವ್ಯಾಜ್ಯವೂ ಇದೆ. ಫಾರ್ನ್‌ಹ್ಯಾಮ್ ಎಂಬ ಊರಿನ ಸಾರ್ವಜನಿಕ ಉದ್ಯಾನದಲ್ಲಿ 1992ರಲ್ಲಿ ಒಬ್ಬ ಹವ್ಯಾಸಿ ನೆಲದಡಿಯಿಂದ ಮಧ್ಯಯುಗದ ಚಿನ್ನದ ಪದಕವೊಂದನ್ನು ಅಗೆದು ತೆಗೆದನು. ಅದರ ಒಡೆತನ ಉದ್ಯಾನದ ಸ್ವಾಮ್ಯ ಹೊಂದಿದ ಸ್ಥಳೀಯ ಆಡಳಿತದ್ದೆಂದು ಮೇಲ್ಮನವಿ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿತು. ಉದ್ಯಾನದಲ್ಲಿ ತಿರುಗಾಡಲು ಸಿಕ್ಕ ಅನುಮತಿ ನೆಲವನ್ನು ಅಗೆಯಲು ಸಿಕ್ಕ ಅನುಮತಿಯಲ್ಲ ಎಂಬುದು ಅಲ್ಲಿನ ಮುಖ್ಯ ಆಧಾರಗಳಲ್ಲೊಂದು. ಈ ಮಾತನ್ನು ಓದಿದಾಗ ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡ ಶಂಕೆ ನೆನಪಾಗದಿರದು.

ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳ್ಳತನವಾದರೆ, ಭಿಕ್ಷೆಗೆಂದು ಹೊರಟ ಮುನಿಯು ಊರಿನ ಬೀದಿಯನ್ನು, ಹೆಬ್ಬಾಗಿಲನ್ನು ಯಾರ ಅಪ್ಪಣೆಯಿಂದ ಪ್ರವೇಶಿಸುತ್ತಾನೆ? ಅದೂ ಅದತ್ತಾದಾನವಾಗುವುದಿಲ್ಲವೆ? ಇದು ಶಂಕೆ. ಬೀದಿ ಬಾಗಿಲುಗಳು ಎಲ್ಲರಿಗೂ ಸಾಮಾನ್ಯವಾಗಿ ತೆರೆದಿರುವಂಥವು, ಆದ್ದರಿಂದ ದೋಷವಿಲ್ಲ. ಮುಚ್ಚಿದ ಕದವನ್ನು ಮುನಿಯು ತೆರೆದು ಹೋಗುವುದಿಲ್ಲ. ಅದೂ ಅಲ್ಲದೆ ಪ್ರಮತ್ತಯೋಗವು ಅಲ್ಲಿಲ್ಲ. ಇದು ಸಮಾಧಾನ. ಕಡಲ ದಂಡೆಯೂ ಆ ಬೀದಿಯಂತೆ ಎಲ್ಲರದು. ಅಲ್ಲಿ ನಡೆಯುವುದು, ಗಾಳಿ ಸೇವಿಸುವುದು, ಚಿಪ್ಪಿನ ಚೂರನ್ನು ಮಗುವಿಗೆ ತೋರಿಸುವುದು, ಇವು ಯಾವುವೂ ವ್ರತಭಂಗವಲ್ಲ. ಆದರೆ ದಂಡೆ ಎಲ್ಲರದೆಂದ ಮಾತ್ರಕ್ಕೆ ದಂಡೆಯಲ್ಲಿ ಬಿದ್ದ ಉಂಗುರವೂ ಎಲ್ಲರದಾಗಲಾರದು. ನೆಲದ ಸಾರ್ವಜನಿಕತೆ ಒಡವೆಗೆ ಅಂಟಿಕೊಳ್ಳುವುದಿಲ್ಲ.

ಇಲ್ಲಿ ಬಿಟ್ಟದ್ದಕ್ಕೂ ಬಿದ್ದದ್ದಕ್ಕೂ ಇರುವ ಭೇದವನ್ನು ತಿಳಿಯಬೇಕು. ಪ್ರಯಾಣಿಕನು ಸೇತುವೆಯ ಮೇಲಿಂದ ನದಿಗೆ ನಾಣ್ಯವನ್ನು ಎಸೆಯುತ್ತಾನೆ. ದಾರಕ್ಕೆ ಅಯಸ್ಕಾಂತ ಕಟ್ಟಿ ಅದನ್ನು ಮೇಲೆತ್ತುವ ಹುಡುಗರಿದ್ದಾರೆ. ಆ ನಾಣ್ಯದ ಮೇಲಿನ ಮಮತ್ವವನ್ನು ಒಡೆಯನೇ ಕಳಚಿ ಎಸೆದಿದ್ದಾನೆ. ಅಕ್ಕಸಾಲಿಗನ ಅಂಗಡಿಯ ಕಸವನ್ನು ತೊಳೆದು ಚಿನ್ನದ ಪುಡಿಯನ್ನು ಹೆಕ್ಕುವವನಿಗೆ ಹಿಂದೆ ಜಲಗಾರನೆಂಬ ಹೆಸರಿತ್ತು. ಅಂಗಡಿಯವನ ಒಪ್ಪಿಗೆಯಿಂದ ಪಡೆದ ಕಸದಲ್ಲಿ ಸಿಕ್ಕಿದ್ದು ಅವನದೇ ಸಂಪಾದನೆ. ಉಂಗುರದ ಸಂಗತಿ ಹಾಗಲ್ಲ. ಬೆರಳಿನಿಂದ ಅದು ಜಾರಿದೆ, ಮನಸ್ಸಿನಿಂದ ಜಾರಿಲ್ಲ. ಕಳೆದುಕೊಂಡವಳು ಅದೇ ಸ್ಥಳಕ್ಕೆ ಮೂರು ಬಾರಿ ಬಂದು ಮರಳನ್ನು ಬೆರಳಿನಿಂದ ಕೆದಕಿ ಹೋಗಿರಬಹುದು. ಮೂರ್ಛೆಯೇ ಪರಿಗ್ರಹವೆಂಬ ಸಿದ್ಧಾಂತದಿಂದ ನೋಡಿದರೆ ಉಂಗುರವು ಇನ್ನೂ ಅವಳ ಪರಿಗ್ರಹದಲ್ಲಿಯೇ ಇದೆ. ಬಾಹ್ಯವಸ್ತು ಮಾತ್ರ ಕಣ್ಮರೆಯಾಗಿದೆ. ಧನವು ಮನುಷ್ಯರ ಹೊರಗಿನ ಪ್ರಾಣವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದು ಬೆಲೆಯ ದೃಷ್ಟಿಯಿಂದಲ್ಲ. 9 ಕ್ಯಾರಟ್ಟಿನ ತೆಳು ಉಂಗುರಕ್ಕೆ ಪೇಟೆಯಲ್ಲಿ ದೊಡ್ಡ ಬೆಲೆಯಿರದು. ನಲವತ್ತು ವರ್ಷ ಅದನ್ನು ತೊಟ್ಟವಳಿಗೆ ಅದು ಪ್ರಾಣವೇ.

ಇಷ್ಟು ಸೂಕ್ಷ್ಮವಾಗಿ ನಡೆಯಲು ಗೃಹಸ್ಥನಿಗೆ ಸಾಧ್ಯವೆ ಎಂದು ಕೇಳಬಹುದು. ಅಮೃತಚಂದ್ರರೇ ಆ ಪ್ರಶ್ನೆಯನ್ನು ಮೊದಲೇ ಕಂಡಿದ್ದಾರೆ. ಪರರ ಬಾವಿಯ ನೀರು ಮುಂತಾದವನ್ನು ಕೇಳದೆ ತೆಗೆದುಕೊಳ್ಳುವುದನ್ನು ಬಿಡಲಾಗದವರು ಉಳಿದ ಅದತ್ತವನ್ನೆಲ್ಲ ಬಿಡಬೇಕೆಂದು ಅವರು ವಿಧಿಸುತ್ತಾರೆ. ಗೃಹಸ್ಥನಿಗೆ ರಿಯಾಯಿತಿ ಇರುವುದು ಬಾಯಾರಿಕೆಯ ನೀರಿಗೆ. ಬಂಗಾರಕ್ಕೆ ಅದು ಹಬ್ಬುವುದಿಲ್ಲ.

ಹವ್ಯಾಸಿಯ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಅವನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಒಪ್ಪದು. ಅವನು ಎತ್ತದಿದ್ದರೆ ಆ ಉಂಗುರ ಯಾರಿಗೂ ಸಿಕ್ಕುತ್ತಿರಲಿಲ್ಲ. ಅವನ ಚೀಲದ ಬಹುಪಾಲು ಕಸವೇ. ಆ ಕಸ ತೀರದಿಂದ ಹೋದದ್ದು ಉಪಕಾರ. ಗಾಳದ ಕೊಕ್ಕೆ ಮಗುವಿನ ಕಾಲಿಗೂ ಹಕ್ಕಿಯ ಕೊರಳಿಗೂ ಚುಚ್ಚುವಂಥದು. ಮೀನು ಹಿಡಿಯುವವರು ಬಿಟ್ಟ ಸೀಸದ ತೂಕಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ 1987ರಿಂದ ಚಿಕ್ಕ ಸೀಸದ ತೂಕಗಳ ಮಾರಾಟವನ್ನೇ ನಿಷೇಧಿಸಿದರು. ಅಂಥ ಸೀಸವನ್ನು ಹೆಕ್ಕಿ ಒಯ್ಯುವವನ ಕೆಲಸದಲ್ಲಿ ಜೀವದಯೆಯ ಅಂಶ ಇದ್ದೇ ಇದೆ, ಅವನು ಅದನ್ನು ಆ ಹೆಸರಿನಿಂದ ಕರೆಯದಿದ್ದರೂ.

ಆದರೆ ಅದೇ ಸಲಿಕೆ ಮರಳಿನ ಜೀವಿಗಳಿಗೂ ತಾಗುತ್ತದೆ. ಇಳಿತದ ತೇವದಲ್ಲಿ ಬಿಲ ತೋಡಿ ಬಾಳುವ ಹುಳುಗಳು, ಚಿಪ್ಪಿನ ಜೀವಿಗಳು ಅಸಂಖ್ಯಾತ. ಕೃಮಿ, ಶಂಖ, ಶುಕ್ತಿಗಳು ದ್ವೀಂದ್ರಿಯ ತ್ರಸಜೀವಿಗಳೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಹೊಲ ಉಳುವವನ ಹಿಂಸೆ ಉದ್ಯೋಗದ್ದು, ಅಡುಗೆ ಮಾಡುವವಳದು ಆರಂಭದ್ದು; ಇವನದು ಯಾವುದು? ಹೊಟ್ಟೆಪಾಡಲ್ಲ, ಮನೆಗೆಲಸವಲ್ಲ. ಪ್ರಯೋಜನವಿಲ್ಲದೆ ನೆಲವನ್ನೂ ನೀರನ್ನೂ ಕಲಕುವುದನ್ನು ಸಮಂತಭದ್ರರು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಒಂದೊಂದು ಅಲ್ಯೂಮಿನಿಯಂ ತುಣುಕಿಗೂ ಒಂದೊಂದು ಗುಂಡಿ ತೋಡುವಾಗ ಎಷ್ಟು ಬಿಲಗಳು ಕುಸಿದವೆಂಬ ಲೆಕ್ಕ ಯಾವ ಯಂತ್ರವೂ ಕೊಡುವುದಿಲ್ಲ.

ಇದಕ್ಕಿಂತಲೂ ಒಳಗಿನ ಸಂಗತಿ ಒಂದಿದೆ. ಹವ್ಯಾಸಿಯು ಯಾರಿಗೂ ಕೇಡನ್ನು ಬಯಸುವವನಲ್ಲ, ನಿಜ. ಆದರೂ ಅವನ ಒಳ್ಳೆಯ ದಿನವೆಂದರೆ ಇನ್ನೊಬ್ಬರ ಕೆಟ್ಟ ದಿನವಾಗಿದ್ದದ್ದು. ಜನ ಹೆಚ್ಚು ಸೇರಲಿ, ನೀರು ತಣ್ಣಗಿರಲಿ, ಬಿರುಗಾಳಿ ಬೀಸಲಿ ಎಂದು ಲೆಕ್ಕ ಹಾಕುವಾಗ ಅವನ ಮನಸ್ಸು ತನಗರಿವಿಲ್ಲದೆ ಪರರ ಹಾನಿಯ ಕಡೆಗೆ ವಾಲಿರುತ್ತದೆ. ಧ್ಯಾನದ ಪ್ರಕರಣದಲ್ಲಿ ಇಷ್ಟವಿಯೋಗದ ಚಿಂತೆಯನ್ನು ಆರ್ತಧ್ಯಾನವೆಂದೂ, ಪರಸ್ವತ್ತು ಕೈಸೇರಿದ ಹರ್ಷವನ್ನು ರೌದ್ರಧ್ಯಾನದ ಭೇದವೆಂದೂ ಹೇಳಿದೆ. ಒಂದೇ ಉಂಗುರ. ದೂರದ ಮನೆಯೊಂದರಲ್ಲಿ ಅದಕ್ಕಾಗಿ ಆರ್ತಧ್ಯಾನ. ಇಲ್ಲಿ ನೀರಿನಲ್ಲಿ ನಿಂತವನ ಅಂಗೈಯಲ್ಲಿ ಅದು ಹೊಳೆದ ಕ್ಷಣದಲ್ಲಿ ಇನ್ನೊಂದು. ಆ ಕ್ಷಣದ ಹರ್ಷ ಹಣದ ಆಸೆಯದಲ್ಲ, ಹುಡುಕಾಟ ಫಲಿಸಿದ ಉಲ್ಲಾಸ ಮಾತ್ರ ಎಂದು ಆ ಹವ್ಯಾಸದವರು ಹೇಳುತ್ತಾರೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಹರ್ಷದ ಮುಂದಿನ ಕ್ಷಣದಲ್ಲಿ ಕೈ ಎತ್ತ ಹೋಗುತ್ತದೆಂಬುದನ್ನು ನೋಡಿದರೆ ಸಾಕು, ಜೇಬಿಗೋ, ಒಡೆಯನ ವಿಳಾಸಕ್ಕೋ.

ಜೇಬಿಗೆ ಹೋದ ಕೈ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಲೆಮ್‌ಸ್ಟರ್ ಊರಿನ ಬಳಿಯ ಪ್ರಕರಣ ಸಾಕ್ಷಿ. 2015ರಲ್ಲಿ ಅಲ್ಲಿನ ಹೊಲದಲ್ಲಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ತಿಳಿಸಬೇಕಾದವರಿಗೆ ತಿಳಿಸದೆ ಮಾರಲು ಹೊರಟು 2019ರಲ್ಲಿ ದೀರ್ಘ ಸೆರೆವಾಸಕ್ಕೆ ಗುರಿಯಾದರು. ನೂರಾರು ನಾಣ್ಯಗಳಲ್ಲಿ ಬಹುಪಾಲು ಪತ್ತೆಯಾಗಲಿಲ್ಲ. ದೊರೆತ ಕೆಲವು ನಾಣ್ಯಗಳು ಒಂಬತ್ತನೆಯ ಶತಮಾನದ ಇಬ್ಬರು ಅರಸರ ಮೈತ್ರಿಯ ಬಗ್ಗೆ ಹೊಸ ಬೆಳಕು ಚೆಲ್ಲಿದವು. ಉಳಿದವು ಏನು ಹೇಳುತ್ತಿದ್ದವೋ! ಕಾನೂನಿನಂತೆ ತಿಳಿಸಿದ್ದರೆ ಅವರಿಗೂ ನೆಲದೊಡೆಯನಿಗೂ ದೊಡ್ಡ ಬಹುಮಾನವೇ ಸಲ್ಲುತ್ತಿತ್ತು. ತತ್ತ್ವಾರ್ಥಸೂತ್ರವು ರಾಜ್ಯದ ಕಟ್ಟಳೆಯನ್ನು ಮೀರುವುದನ್ನು ಅಚೌರ್ಯದ ಅತಿಚಾರಗಳಲ್ಲೊಂದೆಂದು ಎಣಿಸಿದೆ. ಅತಿಚಾರವು ವ್ರತಭಂಗಕ್ಕೆ ಜಾರಲು ಹೆಚ್ಚು ಹೊತ್ತು ಬೇಕಿಲ್ಲ.

ಇದೇ ಯಂತ್ರ, ಇದೇ ಮರಳು, ಇದೇ ನೀರು ಇರುವಾಗಲೂ ಎಲ್ಲವೂ ಬದಲಾಗುವ ಸಂದರ್ಭವೂ ಉಂಟು. ಉಂಗುರ ಕಳೆದುಕೊಂಡವರು ತಾವಾಗಿಯೇ ಹೇಳಿಕಳುಹಿಸಿದಾಗ ಬಂದು ಹುಡುಕಿಕೊಡುವ ಹವ್ಯಾಸಿಗಳು ಆ ದೇಶಗಳಲ್ಲಿ ಅನೇಕರಿದ್ದಾರೆ. ಎಲ್ಲಿ ನಿಂತಿದ್ದಿರಿ, ನೀರು ಎಷ್ಟಿತ್ತು, ಉಬ್ಬರವೋ ಇಳಿತವೋ ಎಂದು ವಿಚಾರಿಸಿ, ಆ ಕೆಲವು ಗಜಗಳಷ್ಟನ್ನೇ ಶೋಧಿಸುತ್ತಾರೆ. ಅಗೆತವೂ ಅಷ್ಟಕ್ಕೇ ಸೀಮಿತ. ಸಿಕ್ಕಿದ್ದನ್ನು ಅಲ್ಲಿಯೇ ಬೆರಳಿಗೆ ಮರಳಿಸುತ್ತಾರೆ. ಇಲ್ಲಿ ಒಡೆಯನ ಅಪ್ಪಣೆ ಮೊದಲೇ ಇದೆ, ಅದತ್ತವೆಂಬುದೇ ಇಲ್ಲ. ಹುಡುಕಾಟದ ಉಲ್ಲಾಸವೂ ಉಳಿಯಿತು. ಕರೆಯದೆ ಹೋಗಿ ಹುಡುಕಿದವನೂ, ಸಿಕ್ಕ ಕೂಡಲೇ ಹಾಲ್‌ಮಾರ್ಕಿನ ವರ್ಷಾಕ್ಷರ, ಒಳಗಿನ ದಿನಾಂಕ, ಹೆಸರಿನ ಮೊದಲಕ್ಷರಗಳನ್ನು ಹಿಡಿದು ಒಡೆಯರನ್ನು ಅರಸಿದರೆ, ತೆಗೆದುಕೊಂಡದ್ದು ಕೊಡುವುದಕ್ಕಾಗಿ ಎಂದಾಗುತ್ತದೆ. ಅಲ್ಲಿ ಪ್ರಮತ್ತಯೋಗವಿದೆಯೆಂದು ಹೇಳುವುದು ಕಷ್ಟ.

ಒಡೆಯರು ಸಿಕ್ಕದೇ ಹೋದರೆ? ಕಠಿಣವಾದ ಪ್ರಶ್ನೆ ಇದೇ. ಪಂಡಿತ ಆಶಾಧರರು ಹದಿಮೂರನೆಯ ಶತಮಾನದಲ್ಲಿ ಸಾಗಾರಧರ್ಮಾಮೃತದಲ್ಲಿ ಇದನ್ನು ನೇರವಾಗಿ ಎದುರಿಸಿದ್ದಾರೆ. ನಿಧಿ ಮುಂತಾದುದು ಒಡೆಯನಿಲ್ಲದ್ದೆಂದು ಶ್ರಾವಕನು ತೆಗೆದುಕೊಳ್ಳಬಾರದು, ಒಡೆಯನಿಲ್ಲದ ಧನಕ್ಕೆ ಅರಸನೇ ವಾರಸುದಾರ ಎಂಬುದು ಅವರ ನಿಲುವು. ತನ್ನದೋ ಅಲ್ಲವೋ ಎಂಬ ಸಂಶಯವಿದ್ದರೆ ತನ್ನ ಸ್ವತ್ತನ್ನು ತೆಗೆದುಕೊಂಡರೂ ವ್ರತಕ್ಕೆ ಭಂಗವೆಂದು ಅವರು ಮುಂದುವರಿದು ಹೇಳುತ್ತಾರೆ. ಭಾರತದಲ್ಲಿ 1878ರಲ್ಲಿ ಬಂದ ನಿಧಿ ಕಾಯಿದೆಯು ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಂಡವರು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿದ್ದೂ ಇದೇ ಭಾವದಿಂದ. ಆದರೆ ಹಕ್ಕುದಾರರು ಬರದಿದ್ದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ನಾಲ್ಕರಲ್ಲಿ ಮೂರು ಪಾಲು ಕಂಡವನಿಗೆ, ಒಂದು ಪಾಲು ನೆಲದೊಡೆಯನಿಗೆ ಎಂದು ಅದು ಹಂಚಿತು. ಆ ಪಾಲು ರಾಜ್ಯದ ಕೈಯಿಂದ ಬಂದದ್ದು, ಆದ್ದರಿಂದ ದತ್ತವೇ ಎಂದು ವಾದಿಸಬಹುದು. ವಾದ ದುರ್ಬಲವೇನಲ್ಲ.

ಅರಸನ ವಾರಸುದಾರಿಕೆಯೂ ಕೊನೆಯ ಮಾತಲ್ಲ. ಹೇಮಚಂದ್ರರ ಶಿಷ್ಯನಾದ ಗುಜರಾತಿನ ಕುಮಾರಪಾಲನು, ಸಂತಾನವಿಲ್ಲದೆ ಸತ್ತವರ ಧನವನ್ನು ಬೊಕ್ಕಸಕ್ಕೆ ಸೇರಿಸುವ ಪದ್ಧತಿಯನ್ನು ಕೈಬಿಟ್ಟನೆಂದು ಪ್ರಬಂಧಗಳು ಹೇಳುತ್ತವೆ. ಕಟ್ಟಳೆಯ ಪ್ರಕಾರ ಆ ಧನ ಅವನದೇ ಆಗಿತ್ತು. ವಿಧವೆಯರ ಕಣ್ಣೀರು ಸೋಂಕಿದ ಹಣ ಅವನಿಗೆ ಬೇಡವಾಯಿತು.

ಈ ವಿಚಾರವೆಲ್ಲ ಕಡಲಾಚೆಯದೆಂದು ದೂರವಿಡುವಂತಿಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1988ರಲ್ಲೇ ಜಿನಮಂದಿರದ ಪ್ರತಿಷ್ಠೆಯಾಗಿದೆ. ಕನ್ನಡ ನಾಡಿನ ಶ್ರಾವಕರ ಮಕ್ಕಳೂ ಆ ದೇಶದಲ್ಲಿ ಉದ್ಯೋಗದಲ್ಲಿದ್ದಾರೆ, ರಜೆಯಲ್ಲಿ ಆ ತೀರಗಳಿಗೆ ಹೋಗುತ್ತಾರೆ. ಇಲ್ಲಿನ ಬಸದಿಗಳ ಆವರಣದಲ್ಲಿಯೂ ಪಂಚಕಲ್ಯಾಣದ ಮರುದಿನ ಗುಡಿಸುವವರ ಕೈಗೆ ಓಲೆ, ಮೂಗುತಿ, ಕಾಲುಂಗುರ ಸಿಕ್ಕುವುದು ಅಪರೂಪವಲ್ಲ. ಸಿಕ್ಕಿದ್ದನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದ ಸಜ್ಜನರು ಸಾಮಾನ್ಯವಾಗಿ ಒಂದು ದಾರಿ ಹಿಡಿಯುತ್ತಾರೆ. ಅದನ್ನು ಹುಂಡಿಗೆ ಹಾಕಿ ಕೈಮುಗಿದು ಹಗುರಾಗುತ್ತಾರೆ.

ಸಮಂತಭದ್ರರ ನಿರೂಪಣೆಯ ಎರಡನೆಯ ಭಾಗ ಇಲ್ಲಿ ಅಡ್ಡ ನಿಲ್ಲುತ್ತದೆ. ತೆಗೆದುಕೊಳ್ಳದಿರುವುದಷ್ಟೇ ಅಲ್ಲ, ಇನ್ನೊಬ್ಬರಿಗೆ ಕೊಡದಿರುವುದೂ ವ್ರತ. ತನ್ನದಲ್ಲದ್ದನ್ನು ದಾನ ಮಾಡುವ ಅಧಿಕಾರ ಯಾರಿಗಿದೆ? ಹುಂಡಿಗೆ ಹಾಕಿದವನು ಬಿದ್ದದ್ದನ್ನು ಎತ್ತಿ ಕೊಟ್ಟದ್ದೇ ಹೊರತು ತನ್ನದನ್ನು ತ್ಯಜಿಸಿದ್ದಲ್ಲ. ದಾನದ ಪುಣ್ಯ ಅವನಿಗೆ ಹೇಗೆ ಸಲ್ಲುವುದೋ ಹೇಳುವುದು ಕಷ್ಟ. ಯಾರು ಹಾಕಿದರೆಂದು ತಿಳಿಯದ ಒಡವೆ ಹುಂಡಿಯಲ್ಲಿದ್ದರೆ ಟ್ರಸ್ಟಿನವರು ಅದನ್ನು ಕಾಣಿಕೆಯೆಂದೇ ಭಾವಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಜೊತೆಗೆ ಚೀಟಿಯೊಂದಿದ್ದು, ಇಂಥಲ್ಲಿ ಬಿದ್ದಿತ್ತು, ದೇವರಿಗೆ ಸೇರಲಿ ಎಂದು ಬರೆದಿದ್ದರೆ, ಅದನ್ನು ಓದಿದ ಕ್ಷಣದಿಂದ ಟ್ರಸ್ಟಿನವರ ಸ್ಥಿತಿ ಬೇರೆಯಾಗುತ್ತದೆ. ಅದನ್ನು ಕರಗಿಸಿ ಶಿಖರದ ಕಲಶಕ್ಕೆ ಸೇರಿಸಿದರೆ ಕಲಶದಲ್ಲಿ ಅಷ್ಟು ಅದತ್ತವೂ ಸೇರುತ್ತದೆ.

ಕರಗಿಸದೆ ಇಡುವುದು ಮೊದಲ ಕೆಲಸ. ಸಿಕ್ಕಿದ ಸ್ಥಳ, ದಿನ, ಒಡವೆಯ ಬಗೆ, ಇಷ್ಟನ್ನು ಬಸದಿಯ ಬಾಗಿಲಲ್ಲಿ, ಆಗುವುದಾದರೆ ಪತ್ರಿಕೆಯಲ್ಲಿ ಪ್ರಕಟಿಸಬಹುದು; ಒಳಗೆ ಕೊರೆದ ಅಕ್ಷರಗಳನ್ನೂ ದಿನಾಂಕವನ್ನೂ ಪ್ರಕಟಿಸಬಾರದು, ಕೇಳಲು ಬಂದವರೇ ಅವನ್ನು ಹೇಳಬೇಕು. ಬೆಲೆಬಾಳುವುದಾದರೆ ಪೊಲೀಸರಿಗೂ ತಿಳಿಸುವುದು ಕ್ಷೇಮ. ಲೆಕ್ಕದ ಪುಸ್ತಕದಲ್ಲಿ ಅದನ್ನು ಆದಾಯದ ಕಡೆಗೆ ಬರೆಯಲಾಗದು. ಬೇರೆಯೇ ಒಂದು ಪುಟ ಬೇಕು: ಬಂದ ತಾರೀಖು, ತೂಕ, ಸಿಕ್ಕಿದ ಸ್ಥಳ, ತಂದವರ ಹೆಸರು, ಮತ್ತು ಒಡೆಯರ ಹೆಸರಿಗೆಂದು ಖಾಲಿ ಬಿಟ್ಟ ಒಂದು ಸಾಲು.